ಹುತುತು ಆಟಕ್ಕೆ ಕಟ್ಟಳೆ ಬರೆದ ಬರೋಡೆಯ ಜಿಮಖಾನಾ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದ ಹಿಂದಿನ ಬಯಲಿನಲ್ಲಿ ದೊಡ್ಡ ಗಲಾಟೆಯೆದ್ದಿತು. ವಾರಪತ್ರಿಕೆಗಳನ್ನು ಜೋಡಿಸಿಡುತ್ತಿದ್ದ ನಾವು ಹೊರಗೆ ಬಂದು ನೋಡಿದರೆ, ಹುತುತು ಆಡುತ್ತಿದ್ದ ಹುಡುಗರು ಆಟ ಬಿಟ್ಟು ಜಗಳಕ್ಕೆ ನಿಂತಿದ್ದರು. ವಿಷಯ ಇಷ್ಟೆ: ದಾಳಿಗೆ ಹೋದವನು ಎದುರು ಪಕ್ಷದ ಒಬ್ಬನನ್ನು ಮುಟ್ಟಿ ಬಂದ. ಮುಟ್ಟಿಸಿಕೊಂಡವನು 'ಸತ್ತ'. ಹಾಗೆ ಸತ್ತವನು ಮತ್ತೆ ಆಟಕ್ಕೆ ಬರಬಹುದೇ, ಬಾರದೇ?

ವಿಜಾಪುರದ ಕಡೆಯ ಹುಡುಗ, "ಸತ್ತವ ಸತ್ತಾಂಗ, ಆಟ ಮುಗಿಯೂತನಕ ಹೊರಗೇ ಕೂಡಬೇಕು" ಎಂದ. ಮಂಗಳೂರಿನ ಕಡೆಯವನು, ನಮ್ಮವರು ಅತ್ತ ಒಬ್ಬನನ್ನು ಹೊಡೆದರೆ ಇತ್ತ ಒಬ್ಬ ಬದುಕಿ ಬರುತ್ತಾನೆ ಎಂದು ವಾದಿಸಿದ. ನೆರೆಮನೆಯ ಗುಜರಾತಿ ಹುಡುಗನ ಪದ್ಧತಿ ಇವೆರಡೂ ಅಲ್ಲ. ಯಾರೂ ಹೊರಗೆ ಹೋಗಬೇಕಾಗಿಲ್ಲ, ಅಂಕ ಎಣಿಸಿದರೆ ಸಾಕು ಎಂಬುದು ಅವನ ಮಾತು. ಕೊನೆಗೆ ಎಲ್ಲರೂ ನಮ್ಮ ಕಡೆ ತಿರುಗಿ, "ನೀವು ಪುಸ್ತಕದ ಮನೆಯವರು, ನೀವೇ ಹೇಳಿ" ಎಂದರು. ನಮಗೆ ಹೇಳಲು ಬರಲಿಲ್ಲ. ಆಟ ಅಂದಿಗೆ ಮುರಿಯಿತು. ಹುಡುಗರು ಮುಖ ತಿರುಗಿಸಿಕೊಂಡು ಮನೆಗೆ ಹೋದರು.

ಆ ನಾಚಿಕೆಯಿಂದಲೇ ನಾವು ಈ ವಿಷಯವನ್ನು ಹುಡುಕಿ ಓದಲು ಕುಳಿತೆವು. ಓದಿದ ಮೇಲೆ ಎರಡು ಸಂಗತಿಗಳು ತಿಳಿದವು. ಮೊದಲನೆಯದು, ಮೂವರು ಹುಡುಗರೂ ಹೇಳಿದ್ದು ನಿಜವೇ ಎಂಬುದು. ಎರಡನೆಯದು, ಈ ಜಗಳ ಹೊಸದಲ್ಲ. ಸುಮಾರು ನೂರು ವರ್ಷಗಳ ಹಿಂದೆಯೇ ಅದನ್ನು ತೀರಿಸಲು ಕುಳಿತವರು ನಮ್ಮ ನೆರೆಯ ಊರಿನವರೇ ಎಂಬುದು. ಮಣಿನಗರ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಇಳಿಯುವ ವಡೋದರಾ, ಅಂದರೆ ಅಂದಿನ ಬರೋಡೆ, ಆ ಊರು.

ಒಂದೇ ಆಟ, ಊರಿಗೊಂದು ಹೆಸರು

ಪಶ್ಚಿಮದ ಸೀಮೆಯಲ್ಲಿ ಹುತುತು, ತಮಿಳು ಮತ್ತು ತೆಲುಗು ನಾಡಿನಲ್ಲಿ ಚೆಡುಗುಡು, ಬಂಗಾಳದಲ್ಲಿ ಹಾಡುಡು, ಮಿಕ್ಕ ಕಡೆ ಕಬಡ್ಡಿ. ಹೆಸರು ಯಾವುದಾದರೂ ಆಟದ ಜೀವ ಒಂದೇ: ಒಂದೇ ಉಸಿರಿನಲ್ಲಿ ಒಂದು ಮಾತನ್ನು ಜಪಿಸುತ್ತ ವೈರಿಯ ಅಂಗಳಕ್ಕೆ ಹೋಗಬೇಕು, ಮುಟ್ಟಬೇಕು, ಉಸಿರು ಕಡಿಯುವ ಮೊದಲು ಗೆರೆ ದಾಟಿ ಮರಳಬೇಕು. ಬ್ಯಾಟು ಬೇಡ, ಚೆಂಡು ಬೇಡ, ಪಾದರಕ್ಷೆ ಸಹ ಬೇಡ. ಬಡವನ ಮಗನಿಗೂ ಸಾಹುಕಾರನ ಮಗನಿಗೂ ಇಲ್ಲಿ ಬಂಡವಾಳ ಒಂದೇ, ಎದೆಯೊಳಗಿನ ಗಾಳಿ.

ಆದರೆ ಸತ್ತವನ ಗತಿ ಏನು ಎಂಬ ಪ್ರಶ್ನೆಗೆ ದೇಶದಲ್ಲಿ ಮೂರು ಉತ್ತರಗಳು ಬೆಳೆದು ಬಂದಿದ್ದವು. ಸತ್ತವನು ಹೊರಗೇ ಉಳಿಯುವ ಪದ್ಧತಿಗೆ ಗಾಮಿನಿ ಎಂದು ಹೆಸರು. ತನ್ನವರು ಒಂದು ಬಲಿ ಪಡೆದಾಗ ಒಬ್ಬ ಬದುಕಿ ಬರುವ ಪದ್ಧತಿಗೆ ಸಂಜೀವಿನಿ. ಯಾರೂ ಹೊರಗೆ ಹೋಗದೆ ಅಂಕ ಮಾತ್ರ ಏರುವ ಪದ್ಧತಿಗೆ ಅಮರ. ನಮ್ಮ ಬಯಲಿನ ಮೂವರು ಹುಡುಗರೂ ತಮಗೆ ಗೊತ್ತಿಲ್ಲದೆಯೇ ಈ ಮೂರು ಸಂಪ್ರದಾಯಗಳ ವಕೀಲರಾಗಿದ್ದರು!

ಒಂದೂರಿನೊಳಗೆ ಆಡುವಾಗ ಇದರಿಂದ ತೊಂದರೆಯಿಲ್ಲ. ಊರ ಹಿರಿಯನೊಬ್ಬ ಕಟ್ಟೆಯ ಮೇಲೆ ಕುಳಿತು ಹೇಳಿದ್ದೇ ನ್ಯಾಯ. ತೊಂದರೆ ಹುಟ್ಟುವುದು ಒಂದೂರಿನವರು ಇನ್ನೊಂದೂರಿಗೆ ಹೋಗಿ ಆಡತೊಡಗಿದಾಗ. ರೈಲು ಬಂದಿತು, ಶಾಲೆ ಕಾಲೇಜುಗಳು ಬಂದವು, ಗಿರಣಿಗಳು ಬಂದವು; ಹತ್ತು ಊರಿನ ಮಕ್ಕಳು ಒಂದು ಬಯಲಿಗೆ ಬಂದರು. ಅಷ್ಟರಲ್ಲಿ ಕ್ರಿಕೆಟ್ಟು ಅಚ್ಚಾದ ನಿಯಮಗಳನ್ನು ಕಿಸೆಯಲ್ಲಿಟ್ಟುಕೊಂಡೇ ಬಂದಿತ್ತು. ಮುಂಬಯಿಯವನೂ ಮದರಾಸಿನವನೂ ಅದನ್ನು ತಕರಾರಿಲ್ಲದೆ ಆಡಬಹುದಾಗಿತ್ತು. ಹುತುತುವಿಗೆ ಆ ಭಾಗ್ಯವಿರಲಿಲ್ಲ.

ಗರಡಿಯಿಂದ ಜಿಮಖಾನಾಕ್ಕೆ

ಈ ಕೊರತೆ ಬರೋಡೆಯವರ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಲ್ಲ. ೧೮೭೫ರಿಂದ ೧೯೩೯ರವರೆಗೆ ಆ ಸಂಸ್ಥಾನವನ್ನಾಳಿದ ಸಯಾಜಿರಾವ್ ಗಾಯಕವಾಡರು ೧೯೦೬ರಲ್ಲಿಯೇ ರಾಜ್ಯದಾದ್ಯಂತ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದವರು. ೧೯೧೦ರಲ್ಲಿ ಅಮೆರಿಕೆಯಿಂದ ಬೋರ್ಡೆನ್ ಎಂಬ ಗ್ರಂಥಪಾಲರನ್ನು ಕರೆಸಿ ಊರೂರಿಗೆ ಉಚಿತ ವಾಚನಾಲಯಗಳನ್ನು ಹರಡಿಸಿದವರೂ ಅವರೇ. ಆ ಲೆಕ್ಕದಲ್ಲಿ ನಮ್ಮ ಈ ಪುಟ್ಟ ವಾಚನಾಲಯವೂ ಅವರಿಗೆ ಒಂದು ನಮಸ್ಕಾರ ಹೇಳಬೇಕು.

ಅದೇ ಊರಿನಲ್ಲಿ ೧೮೮೦ರಷ್ಟು ಹಿಂದೆಯೇ ಜುಮ್ಮಾದಾದಾ ಅವರ ಹೆಸರಿನ ವ್ಯಾಯಾಮ ಮಂದಿರ ಹುಟ್ಟಿತ್ತು. ಜುಮ್ಮಾದಾದಾ ಮುಸಲ್ಮಾನ ಉಸ್ತಾದರು. ಅವರ ಶಿಷ್ಯ ಪ್ರೊಫೆಸರ್ ಮಾಣಿಕರಾವ್ ಹಿಂದೂಗಳು. ಗುರುವಿನ ಗಾದಿ ಹಾಗೆ ಕೈಯಿಂದ ಕೈಗೆ ಬಂದಿತು. ಮಾಣಿಕರಾವ್ ಅವರು ನೂರಾರು ಜನ ಒಟ್ಟಿಗೆ ಒಂದೇ ತಾಳದಲ್ಲಿ ಮಾಡುವ ಸಾಂಘಿಕ ಕವಾಯತಿಗೆ ದೇಶೀ ಭಾಷೆಯ ಆಜ್ಞೆಗಳನ್ನು ರೂಢಿಸಿದರು. ಅಲ್ಲಿಯವರೆಗೆ ಕವಾಯತು ಎಂದರೆ ಇಂಗ್ಲಿಷಿನಲ್ಲಿಯೇ ಕೂಗಬೇಕು ಎಂಬ ಭಾವನೆಯಿತ್ತು.

ನಮ್ಮ ಕಡೆಯ ಗರಡಿ, ತಾಲೀಮುಗಳನ್ನು ಬಲ್ಲವರಿಗೆ ಇದರ ಅರ್ಥ ಬೇಗ ಆಗುತ್ತದೆ. ಗರಡಿಯಲ್ಲಿ ವಿದ್ಯೆ ಗುರುವಿನ ಮೈಯಲ್ಲಿರುತ್ತದೆ, ಕಾಗದದ ಮೇಲಲ್ಲ. ಗುರು ಹೋದರೆ ಎಷ್ಟೋ ಪಟ್ಟುಗಳು ಅವನೊಂದಿಗೇ ಹೋಗುತ್ತವೆ. ಜಿಮಖಾನಾ ಎಂಬುದು ಬೇರೆ ಬಗೆಯ ಮನೆ. ಅಲ್ಲಿ ಚಂದಾ ಕೊಡುವ ಸದಸ್ಯರಿರುತ್ತಾರೆ, ಕಾರ್ಯದರ್ಶಿಯಿರುತ್ತಾನೆ, ಸಭೆಯ ವರದಿ ಬರೆಯುವ ಪುಸ್ತಕವಿರುತ್ತದೆ. ಆ ಶಬ್ದವೇ ನೋಡಿ, ಹಿಂದುಸ್ತಾನಿಯ 'ಗೇಂದ್‌ಖಾನಾ'ಕ್ಕೆ ಇಂಗ್ಲಿಷಿನವರ ಜಿಮ್ನಾಸ್ಟಿಕ್ಸ್ ಬೆರೆತು ಆದದ್ದು ಎನ್ನುತ್ತಾರೆ ಭಾಷೆ ಬಲ್ಲವರು. ಗರಡಿಯ ಮಣ್ಣು, ಜಿಮಖಾನಾದ ವರದಿ ಪುಸ್ತಕ, ಈ ಎರಡೂ ಒಂದೇ ಊರಿನಲ್ಲಿ ಕೂಡಿದ್ದು ಬರೋಡೆಯ ವಿಶೇಷ.

ಹುತುತುವಿನ ಸಂಜೀವಿನಿ, ಗಾಮಿನಿ ಪದ್ಧತಿಗಳನ್ನು ಸರಿಹೊಂದಿಸಿ ಒಂದು ಚೌಕಟ್ಟಿಗೆ ತರುವ ಪ್ರಯತ್ನ ಮಹಾರಾಷ್ಟ್ರದಲ್ಲಿ ಮೊದಲೇ ನಡೆದಿತ್ತು. ೧೯೨೩ರಲ್ಲಿ ಬರೋಡೆಯ ಹಿಂದ್ ವಿಜಯ ಜಿಮಖಾನಾ ತಿದ್ದಿದ ನಿಯಮಗಳನ್ನು ಅಚ್ಚು ಹಾಕಿಸಿ, ಅವುಗಳ ಆಧಾರದ ಮೇಲೆ ಅಖಿಲ ಭಾರತ ಪಂದ್ಯವನ್ನೇ ನಡೆಸಿತು. ನಿಯಮ ಬರೆದು ಕಪಾಟಿನಲ್ಲಿಡಲಿಲ್ಲ ಎಂಬುದನ್ನು ಗಮನಿಸಬೇಕು. ಊರೂರಿನ ತಂಡಗಳನ್ನು ಕರೆದು, ಈ ಗೆರೆಯೊಳಗೆ ಆಡಿ ತೋರಿಸಿ ಎಂದಿತು. ಮರುವರ್ಷ, ೧೯೨೪ರಲ್ಲಿ, ಖೋ ಖೋ ಆಟದ ನಿಯಮಗಳೂ ಬರೋಡೆಯ ಜಿಮಖಾನಾದಿಂದಲೇ ಅಚ್ಚಾಗಿ ಹೊರಬಂದವು. ಪುಣೆಯ ಡೆಕ್ಕನ್ ಜಿಮಖಾನಾ ೧೯೧೪ರಲ್ಲಿ ಆ ಕೆಲಸಕ್ಕೆ ಕೈಹಾಕಿತ್ತು.

ಐರ್ಲೆಂಡಿನಲ್ಲಿ ನಡೆದದ್ದು

ಇಂಥದೇ ಕಥೆ ಸಮುದ್ರದಾಚೆ ಇನ್ನೊಂದು ದೇಶದಲ್ಲಿ ನಡೆದಿದೆ. ನಮ್ಮಂತೆಯೇ ಇಂಗ್ಲಿಷರ ಆಳ್ವಿಕೆ ಕಂಡ ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಪುರಾತನ ಆಟವಿದೆ. ಬೂದಿಮರದ ಬಾಗಿದ ಕೋಲಿನಿಂದ ಸಣ್ಣ ಚೆಂಡನ್ನು ನೆಲದ ಮೇಲೂ ಗಾಳಿಯಲ್ಲೂ ಹೊಡೆಯುತ್ತ ಓಡುವ ಆಟ. ಅದೂ ನಮ್ಮ ಹುತುತುವಿನಂತೆ ಸೀಮೆಗೊಂದು ರೀತಿಯಾಗಿ ಕ್ಷೀಣಿಸುತ್ತಿತ್ತು. ಓಟ ನೆಗೆತಗಳ ಪಂದ್ಯಗಳಾದರೋ ಇಂಗ್ಲಿಷ್ ಪದ್ಧತಿಯ ಸಂಘಗಳ ಕೈಯಲ್ಲಿದ್ದವು. ಕೂಲಿಯವರು, ಕುಶಲಕರ್ಮಿಗಳು 'ಮರ್ಯಾದಸ್ಥ'ರಲ್ಲವೆಂದು ಅವರನ್ನು ಅನೇಕ ಕಡೆ ಕಣಕ್ಕೆ ಸೇರಿಸುತ್ತಿರಲಿಲ್ಲ.

ಮೈಕೇಲ್ ಕ್ಯೂಸಾಕ್ ಎಂಬ ಶಾಲಾ ಮಾಸ್ತರರು ಇದನ್ನು ಸಹಿಸದೆ, ಮಾರಿಸ್ ಡೇವಿನ್ ಎಂಬ ಹೆಸರಾಂತ ಕ್ರೀಡಾಪಟುವನ್ನು ಜೊತೆಗೂಡಿಸಿಕೊಂಡು, ೧೮೮೪ರ ನವೆಂಬರ್ ೧ರಂದು ಥರ್ಲ್ಸ್ ಎಂಬ ಪೇಟೆಯ ಹೇಯ್ಸ್ ಹೋಟೆಲಿನಲ್ಲಿ ಸಭೆ ಕರೆದರು. ಬಂದವರು ಬೆರಳೆಣಿಕೆಯ ಜನ. ಅಂದು ಹುಟ್ಟಿದ್ದೇ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಅವರು ಹರ್ಲಿಂಗಿಗೂ ಗೇಲಿಕ್ ಫುಟ್‌ಬಾಲಿಗೂ ನಿಯಮ ಬರೆದರು. ಊರ ಚರ್ಚಿನ ವ್ಯಾಪ್ತಿಗೆ ಒಂದರಂತೆ ಕ್ಲಬ್ಬು ಕಟ್ಟಿಸಿದರು. ದುಡಿಯುವವರಿಗೆ ಬಿಡುವಿರುವುದು ಭಾನುವಾರವೇ ಆದ್ದರಿಂದ ಭಾನುವಾರವೇ ಪಂದ್ಯವಿಟ್ಟರು. ಗಿರಣಿಯ ಕೆಲಸ ಬಲ್ಲ ನಮಗೆ ಈ ಕೊನೆಯ ಮಾತು ಎಲ್ಲಕ್ಕಿಂತ ಹಿಡಿಸಿತು. ಆಟವನ್ನು ಜನರ ಬಳಿಗೆ ತರುವುದೆಂದರೆ ಮೊದಲು ಅವರ ರಜೆಯ ದಿನವನ್ನು ತಿಳಿದುಕೊಳ್ಳುವುದು.

ಆ ಸಂಘ ಇಂದು ಎರಡು ಸಾವಿರಕ್ಕೂ ಹೆಚ್ಚು ಕ್ಲಬ್ಬುಗಳ ಸಂಸಾರ. ಡಬ್ಲಿನ್ ನಗರದ ಅದರ ಕ್ರೋಕ್ ಪಾರ್ಕ್ ಮೈದಾನದಲ್ಲಿ ೮೨ ಸಾವಿರಕ್ಕೂ ಮಿಕ್ಕಿ ಜನ ಹಿಡಿಯುತ್ತಾರೆ. ಆದರೂ ಅಲ್ಲಿ ಆಡುವವನಿಗೆ ಸಂಬಳವಿಲ್ಲ. ಸೋಮವಾರ ಅವನು ಮಾಸ್ತರನಾಗಿ ಶಾಲೆಗೋ, ಬಡಗಿಯಾಗಿ ಕೆಲಸಕ್ಕೋ ಹೋಗುತ್ತಾನೆ. ೧೯೨೦ರ ನವೆಂಬರ್ ೨೧ರಂದು, ಸ್ವಾತಂತ್ರ್ಯ ಸಮರದ ನಡುವೆ, ಸರಕಾರದ ಪಡೆಗಳು ಅದೇ ಮೈದಾನಕ್ಕೆ ನುಗ್ಗಿ ಗುಂಡು ಹಾರಿಸಿದವು. ಹದಿನಾಲ್ಕು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರು ಟಿಪರೇರಿ ತಂಡದ ಆಟಗಾರ ಮೈಕೇಲ್ ಹೋಗನ್. ಮೈದಾನದ ಒಂದು ಬದಿಯ ಪ್ರೇಕ್ಷಕರ ಕಟ್ಟಡಕ್ಕೆ ಇಂದಿಗೂ ಅವರ ಹೆಸರಿದೆ.

ಹೊಗಳುವಾಗ ಇನ್ನೊಂದು ಮುಖವನ್ನೂ ಹೇಳಬೇಕು. ಸ್ವದೇಶಿ ಆಟದ ಅಭಿಮಾನದಲ್ಲಿ ಆ ಸಂಘ, ತನ್ನ ಸದಸ್ಯರು ಫುಟ್‌ಬಾಲು, ರಗ್ಬಿ, ಕ್ರಿಕೆಟ್ಟು ಮೊದಲಾದ 'ಪರದೇಶಿ' ಆಟಗಳನ್ನು ಆಡಕೂಡದು, ನೋಡಲೂ ಕೂಡದು ಎಂದು ಕಟ್ಟು ಮಾಡಿತ್ತು. ೧೯೩೮ರಲ್ಲಿ ದೇಶದ ಮೊದಲ ಅಧ್ಯಕ್ಷರಾದ ಡಗ್ಲಸ್ ಹೈಡ್ ಒಂದು ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನೋಡಲು ಹೋದರೆಂದು ಅವರನ್ನು ಸಂಘದ ಪೋಷಕ ಸ್ಥಾನದಿಂದಲೇ ತೆಗೆದುಹಾಕಿದರು. ಐರಿಷ್ ಭಾಷೆ ಉಳಿಯಲೆಂದು ೧೮೯೩ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಹೈಡ್ ಪ್ರಮುಖರು! ಆ ಕಟ್ಟು ಸಡಿಲವಾದದ್ದು ೧೯೭೧ರಲ್ಲಿ. ಪರನಾಡಿನಲ್ಲಿ ಸಂಘ ಕಟ್ಟಿಕೊಂಡಿರುವ ನಾವು ಇದನ್ನು ನೆನಪಿಡುವುದು ಒಳ್ಳೆಯದು. ನಮ್ಮದನ್ನು ಉಳಿಸಿಕೊಳ್ಳಲು ನೆರೆಯವನದಕ್ಕೆ ಬಾಗಿಲು ಹಾಕಬೇಕಾಗಿಲ್ಲ. ನಮ್ಮ ಬಯಲಿನಲ್ಲಿ ಗುಜರಾತಿ ಹುಡುಗನಿಲ್ಲದಿದ್ದರೆ ಎರಡು ಪಕ್ಷ ಕಟ್ಟಲು ಜನವೇ ಸಾಲದು.

ಬರೋಡೆಯಿಂದ ಕಾಂಕರಿಯಾಕ್ಕೆ

ಬರೋಡೆಯಲ್ಲಿ ಅಚ್ಚಾದ ನಿಯಮಗಳ ಮುಂದಿನ ಪಯಣವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೧೯೩೬ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ ಅಲ್ಲಿಗೆ ಹೋಗಿ ನಮ್ಮ ದೇಶೀ ಆಟಗಳನ್ನು ಆಡಿ ತೋರಿಸಿತು. ಅದೂ ೧೯೧೪ರಲ್ಲಿ ಊರಿನ ಉತ್ಸಾಹಿಗಳು ಕಟ್ಟಿದ ಸಂಸ್ಥೆಯೇ. ೧೯೩೮ರಲ್ಲಿ ಕಲಕತ್ತೆಯ ಅಖಿಲ ಭಾರತ ಕ್ರೀಡಾಕೂಟದಲ್ಲಿ ಆಟಕ್ಕೆ ಸ್ಥಾನ ಸಿಕ್ಕಿತು. ೧೯೫೦ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಶನ್ ಸ್ಥಾಪನೆಯಾಯಿತು. ೧೯೯೦ರಲ್ಲಿ ಪೀಕಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು, ಚಿನ್ನ ನಮ್ಮದಾಯಿತು. ಅಲ್ಲಿಂದ ೨೦೧೪ರವರೆಗೆ ಸತತ ಏಳು ಸಲ ಗಂಡಸರ ಚಿನ್ನ ಭಾರತಕ್ಕೇ ಬಂದಿತು. ೨೦೧೮ರಲ್ಲಿ ಇರಾನಿನವರು ನಮ್ಮನ್ನು ಸೋಲಿಸಿ ಚಿನ್ನ ಒಯ್ದರು. ೨೦೨೩ರಲ್ಲಿ ಹಾಂಗ್‌ಝೌ ಕೂಟದಲ್ಲಿ ಅದು ಮರಳಿ ಬಂತು.

ಹೆಂಗಸರ ಆಟ ಏಷ್ಯನ್ ಕೂಟಕ್ಕೆ ಸೇರಿದ್ದು ೨೦೧೦ರಲ್ಲಿ. ಆ ಸಲವೂ ೨೦೧೪ರಲ್ಲಿಯೂ ಚಿನ್ನ ಗೆದ್ದ ತಂಡಗಳಲ್ಲಿ ನಮ್ಮ ನಾಡಿನ ತೇಜಸ್ವಿನಿ ಬಾಯಿ ಮತ್ತು ಕಾರ್ಕಳ ಸೀಮೆಯ ಮಮತಾ ಪೂಜಾರಿ ಇದ್ದರು. ೨೦೧೨ರಲ್ಲಿ ಪಾಟಣಾದಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನಲ್ಲಿ ಮಮತಾ ಅವರೇ ಭಾರತದ ನಾಯಕಿ. ಖೋ ಖೋ ಆಟದಲ್ಲಿಯೂ ಹಾಗೆಯೇ. ೨೦೨೫ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ವಿಶ್ವಕಪ್ಪನ್ನು ಭಾರತದ ಗಂಡಸರ, ಹೆಂಗಸರ ತಂಡಗಳೆರಡೂ ಗೆದ್ದುವು. ಅವುಗಳಲ್ಲಿ ಕರ್ನಾಟಕದ ಗೌತಮ್ ಮತ್ತು ಚೈತ್ರಾ ಇದ್ದರು.

ಇನ್ನು ನಮ್ಮ ಮನೆಯಂಗಳದ ಮಾತು. ೨೦೧೬ರ ಅಕ್ಟೋಬರಿನಲ್ಲಿ ಕಬಡ್ಡಿ ವಿಶ್ವಕಪ್ ನಡೆದದ್ದು ನಮ್ಮ ಪಕ್ಕದ ಕಾಂಕರಿಯಾದ ಕ್ರೀಡಾಂಗಣದಲ್ಲಿ. ಹನ್ನೆರಡು ದೇಶಗಳು ಬಂದಿದ್ದವು. ಮೊದಲ ದಿನವೇ ದಕ್ಷಿಣ ಕೊರಿಯಾ ನಮ್ಮವರನ್ನು ೩೪–೩೨ರಿಂದ ಸೋಲಿಸಿದಾಗ ಇಡೀ ಅಂಗಣ ಬೆಪ್ಪಾಯಿತು. ಅಕ್ಟೋಬರ್ ೨೨ರಂದು ಕೊನೆಯ ಪಂದ್ಯದಲ್ಲಿ ಭಾರತ ಇರಾನನ್ನು ೩೮–೨೯ರಿಂದ ಗೆದ್ದಿತು. ಬರೋಡೆಯಲ್ಲಿ ಅಖಿಲ ಭಾರತದ ಹೆಸರಿನಲ್ಲಿ ಊರುಗಳು ಕೂಡಿ ತೊಂಬತ್ತಮೂರು ವರ್ಷಗಳಾದ ಮೇಲೆ, ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ದೇಶಗಳು ಕೂಡಿದವು.

ಹಣದ ಮಾತನ್ನೂ ಆಡಿಬಿಡುವಾ. ೨೦೧೪ರಿಂದ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಲೀಗ್ ಬಂದಿದೆ. ೨೦೧೯ರ ಜನವರಿ ೫ರಂದು ಅದರ ಕೊನೆಯ ಪಂದ್ಯದಲ್ಲಿ ಬೆಂಗಳೂರಿನ ತಂಡ ಗುಜರಾತಿನ ತಂಡವನ್ನು ೩೮–೩೩ರಿಂದ ಸೋಲಿಸಿತು. ಅಂದು ಮಣಿನಗರದ ಕನ್ನಡ ಮನೆಗಳಲ್ಲಿ ಯಾರ ಕಡೆ ಕೂಗಬೇಕೆಂದು ತಿಳಿಯದೆ ಅಪ್ಪ ಮಕ್ಕಳು ಎರಡು ಪಕ್ಷವಾದದ್ದು ಅನೇಕರಿಗೆ ನೆನಪಿರಬೇಕು. ಬೆಂಗಳೂರಿಗೆ ಅಂದು ಒಬ್ಬರೇ ೨೨ ಅಂಕ ತಂದ ಪವನ್ ಸೆಹ್ರಾವತ್ ಮಾತ್ರ ದಿಲ್ಲಿಯ ಕಡೆಯವರು. ಐರ್ಲೆಂಡಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಊರ ತಂಡದಲ್ಲಿ ಊರ ಹುಡುಗನೇ ಆಡಬೇಕು.

ಯಾವುದು ಸರಿ? ಮೊಣಕಾಲು ಮುರಿದುಕೊಂಡು ಬರಿಗೈಲಿ ಮನೆಗೆ ಹೋದ ಹಳೆಯ ಆಟಗಾರರನ್ನು ನೆನೆದರೆ, ಇಂದಿನವರಿಗೆ ನಾಲ್ಕು ಕಾಸು ಸಿಗುವುದನ್ನು ಹಳಿಯಲು ನಮಗೆ ಬಾಯಿ ಬಾರದು. ಆದರೆ ಹರಾಜಿನಲ್ಲಿ ಕೊಳ್ಳಲು ಆಟಗಾರನಿರಬೇಕಾದರೆ, ಮೊದಲು ಎಲ್ಲೋ ಒಂದೂರಿನ ಬಯಲಿನಲ್ಲಿ ಯಾರೋ ಒಬ್ಬರು ಸುಣ್ಣದ ಗೆರೆ ಎಳೆದಿರಬೇಕು. ಆ ಕೆಲಸಕ್ಕೆ ಎಲ್ಲಿಯೂ ಸಂಬಳವಿಲ್ಲ. ಹಿಂದ್ ವಿಜಯ ಜಿಮಖಾನಾದಲ್ಲಿ ಕುಳಿತು ಕಟ್ಟಳೆ ಬರೆದವರ ಹೆಸರನ್ನು ಇಂದು ಕಾಂಕರಿಯಾದಲ್ಲಿ ಚಪ್ಪಾಳೆ ತಟ್ಟಿದವರು ಯಾರೂ ಕೇಳಿರಲಾರರು. ಅವರ ಗೆರೆ ಮಾತ್ರ ಉಳಿದಿದೆ.

ಜಗಳದ ತೀರ್ಪು

ಹುಡುಗರಿಗೆ ನಾವು ಉತ್ತರ ಬಾಕಿ ಉಳಿಸಿಕೊಂಡಿದ್ದೇವಲ್ಲವೇ? ಅದನ್ನು ಇಲ್ಲಿ ಕೊಡುತ್ತೇವೆ. ಇಂದು ಮಾನ್ಯವಾಗಿರುವುದು ಸಂಜೀವಿನಿ ಪದ್ಧತಿ. ಆದ್ದರಿಂದ ಗೆದ್ದವನು ಮಂಗಳೂರಿನ ಕಡೆಯ ಹುಡುಗ. ಪಕ್ಷಕ್ಕೆ ೭ ಜನ ಕಣದಲ್ಲಿ, ೫ ಜನ ಹೊರಗೆ ಕಾದಿರುತ್ತಾರೆ. ಗಂಡಸರಿಗೆ ೨೦ ನಿಮಿಷದ ಎರಡು ಸರದಿ, ನಡುವೆ ೫ ನಿಮಿಷ ವಿಶ್ರಾಂತಿ. ದಾಳಿಗೆ ಹೋದವನು "ಕಬಡ್ಡಿ, ಕಬಡ್ಡಿ" ಎಂದು ಒಂದೇ ಉಸಿರಿನಲ್ಲಿ ಕೇಳುವಂತೆ ಹೇಳಬೇಕು. ದಾಳಿಗೆ ೩೦ ಸೆಕೆಂಡು. ನಡುಗೆರೆಯಿಂದ ೩.೭೫ ಮೀಟರ್ ದೂರದಲ್ಲಿರುವ ಒಳಗೆರೆಯನ್ನು ದಾಟದೆ, ಯಾರನ್ನೂ ಮುಟ್ಟದೆ ಹಿಂದಕ್ಕೆ ಓಡಿ ಬಂದರೆ ಅವನೇ ಔಟು. ಹೇಡಿಗೆ ಆಟದಲ್ಲಿ ಜಾಗವಿಲ್ಲ. ಇಡೀ ಪಕ್ಷ ಹೊರಬಿದ್ದರೆ ಎದುರಿನವರಿಗೆ ೨ ಅಂಕ ಹೆಚ್ಚಿಗೆ. ಅದಕ್ಕೆ ಲೋನಾ ಎನ್ನುತ್ತಾರೆ. ಈ ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ವಾಚನಾಲಯದ ಹಲಗೆಗೆ ಅಂಟಿಸಿದ್ದೇವೆ.

ವಿಜಾಪುರದ ಹುಡುಗ ಬೇಸರಪಡಬೇಕಾಗಿಲ್ಲ. ಅವನ ಊರಿನ ಪದ್ಧತಿ ಬರೆದಿಡದೆ ಮರೆಯಾಗಬಾರದೆಂದು ನಾವು ಒಂದು ದಪ್ಪ ನೋಟ್‌ಬುಕ್ಕನ್ನು ಕಪಾಟಿನ ಪಕ್ಕದಲ್ಲಿಟ್ಟಿದ್ದೇವೆ. ಚಿಣ್ಣಿದಾಂಡು, ಲಗೋರಿ, ಕುಂಟಾಬಿಲ್ಲೆ, ಚೌಕಾಬಾರ, ಅಳಗುಳಿಮಣೆ, ಯಾವುದೇ ಆಗಲಿ, ನಿಮ್ಮ ಊರಿನಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು, ಎಷ್ಟು ಜನ ಆಡುತ್ತಿದ್ದರು, ಯಾವಾಗ ಔಟು, ಯಾವಾಗ ಗೆಲುವು ಎಂಬುದನ್ನು ಊರಿನ ಹೆಸರಿನೊಂದಿಗೆ ಬರೆದುಕೊಡಿ. ಬರೆಯಲು ಬಾರದ ಅಜ್ಜಿಯಂದಿರಿದ್ದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆಯಲಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕೆಲವು ಕನ್ನಡ ಶಬ್ದಗಳು ಆ ಆಟಗಳ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಬರಲಾರವು.

ಕೊನೆಗೆ ಒಂದು ವರದಿ. ಮೊನ್ನೆ ನಾವು ಟೇಪು ಹಿಡಿದು ಹಿಂದಿನ ಬಯಲನ್ನು ಅಳೆದೆವು. ಅರ್ಧ ಜಾಗದಲ್ಲಿ ಈಗ ಮೋಟಾರು ಸೈಕಲ್ಲುಗಳು ನಿಲ್ಲುತ್ತಿವೆ. ಉಳಿದದ್ದರಲ್ಲಿ ಗಂಡಸರ ಅಂಕಣ, ೧೩ ಮೀಟರ್ ಉದ್ದ ೧೦ ಮೀಟರ್ ಅಗಲದ್ದು, ಹಿಡಿಸುವುದಿಲ್ಲ. ಹೆಂಗಸರ ಅಂಕಣ, ೧೨ ಮೀಟರ್ ಉದ್ದ ೮ ಮೀಟರ್ ಅಗಲದ್ದು, ಸರಿಯಾಗಿ ಹಿಡಿಸುತ್ತದೆ. ಆದ್ದರಿಂದ ಅದನ್ನೇ ಸುಣ್ಣದಿಂದ ಎಳೆದಿದ್ದೇವೆ. ಬರುವ ಭಾನುವಾರ ಸಂಜೆ ಐದಕ್ಕೆ ಮೊದಲ ಆಟ ಹುಡುಗಿಯರದು. ಹುಡುಗರು ಆಮೇಲೆ ಅದೇ ಗೆರೆಯೊಳಗೆ ಆಡಲಿ. ವಾಹನವುಳ್ಳ ಸದಸ್ಯರು ಅಂದು ಒಂದೆರಡು ಗಂಟೆಯ ಮಟ್ಟಿಗೆ ತಮ್ಮ ಗಾಡಿಗಳನ್ನು ರಸ್ತೆಯ ಬದಿಗೆ ನಿಲ್ಲಿಸಿ ಸಹಕರಿಸಬೇಕೆಂದು ಕೇಳಿಕೊಳ್ಳುತ್ತೇವೆ.